ಸಿಂಹದ ಪಾಸ್‌ಪೋರ್ಟ್ ಫೋಟೋ

ಕಾಚಿಗೂಡ

ಜನರಿಗೆ ‘ಇಲ್ಲಿ ನೋಡ್ರಿ’ ಎಂದು ಹೇಳಿ ಹೊಟ್ಟೆ ಹೊರೆಯುವವನು ನಾನು. ಕಾಚಿಗೂಡ ಸ್ಟೇಷನ್ನಿನ ಹತ್ತಿರ, ಲಾಡ್ಜುಗಳ ನಡುವೆ ಸಿಕ್ಕಿಕೊಂಡಂತೆ ನಮ್ಮ ಸ್ಟುಡಿಯೋ ಇದೆ. ನನ್ನ ತಂದೆ ಕಲಬುರಗಿಯಿಂದ ಸರಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದವರು. ನನಗೆ ನೌಕರಿ ಸಿಗಲಿಲ್ಲ, ಕ್ಯಾಮೆರಾ ಸಿಕ್ಕಿತು. ಪಾಸ್‌ಪೋರ್ಟ್ ಫೋಟೋ, ಪರೀಕ್ಷೆಯ ಅರ್ಜಿಗೆ ಅಂಟಿಸುವ ಫೋಟೋ, ಮದುವೆ ಫೋಟೋ, ಎಲ್ಲಕ್ಕೂ ನನ್ನ ಪದ್ಧತಿ ಒಂದೇ. ಗದ್ದ ತುಸು ಮೇಲೆ, ಭುಜ ನೆಟ್ಟಗೆ, ಕಣ್ಣು ಲೆನ್ಸಿನಲ್ಲಿ. ಯಾರಾದರೂ ಅತ್ತಿತ್ತ ನೋಡಿದರೆ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ‘ಟಕ್ ಟಕ್’ ಎಂದು ಸಪ್ಪಳ ಮಾಡುತ್ತೇನೆ. ಅಳುವ ಕೂಸಾಗಲಿ, ಊಟಕ್ಕೆ ತಡವಾಯಿತೆಂದು ಮುಖ ಗಂಟಿಕ್ಕಿದ ಬೀಗರಾಗಲಿ, ಆ ಸಪ್ಪಳಕ್ಕೆ ನನ್ನತ್ತ ನೋಡದವರನ್ನು ನಾನಿನ್ನೂ ಕಂಡಿಲ್ಲ.

ಮದುವೆ ಮಂಟಪದಲ್ಲಿ ನನ್ನ ಜಾಗ ಯಾವುದೆಂದು ನನಗೆ ಚೆನ್ನಾಗಿ ಗೊತ್ತು. ಧಾರೆಯ ಹೊತ್ತಿಗೆ ಹೆಣ್ಣಿನ ತಂದೆ ಬಿಕ್ಕುತ್ತಿದ್ದರೂ “ರಾಯರ, ಕೈ ಸ್ವಲ್ಪ ಮ್ಯಾಲೆ ಎತ್ರಿ” ಎಂದು ಹೇಳಿದವನು ನಾನು. ಆ ಹೊತ್ತಿನಲ್ಲಿ ಅಳದವರೆಂದರೆ ಬ್ಯಾಂಡಿನವರು ಮತ್ತು ನಾನು. ಬೆಳಕು ಸಾಲದು, ಯಾರದೋ ತಲೆ ಅಡ್ಡ ಬಂತು ಎಂಬ ಚಿಂತೆಯಲ್ಲೇ ಕ್ಯಾಮೆರಾದ ಹಿಂದಿನವನ ಹೊತ್ತು ಕಳೆದುಹೋಗುತ್ತದೆ.

ಇಂಥ ನನಗೆ ನನ್ನ ಮಗಳು ಪಲ್ಲವಿ, ತನ್ನ ಮದುವೆ ನಿಶ್ಚಯವಾದ ವಾರವೇ, ಸ್ಟುಡಿಯೋದಲ್ಲಿ ನಿಂತುಕೊಂಡು ಹೇಳಿದಳು.

“ಅಪ್ಪಾ, ನನ್ನ ಮದುವಿ ಫೋಟೋ ನೀ ತಗಿಯೂದು ಬ್ಯಾಡ.”

“ಯಾಕ?”

“ನಿನ್ನ ಫೋಟೋದಾಗ ಎಲ್ಲಾರೂ ವೀಸಾ ಆಫೀಸಿನಾಗ ನಿಂತಂಗ ಇರ್ತಾರ. ಅಮೀರ್‌ಪೇಟಿನಾಗ ಒಬ್ಬ ಫೋಟೋಗ್ರಾಫರ್ ಇದ್ದಾನ. ಯಾರಿಗೂ ಗೊತ್ತಾಗದಂಗ ತಗೀತಾನ. ಅಂವಗ ಹೇಳೀನಿ.”

ಊರವರ ಮದುವೆಗೆಲ್ಲ ನಾನು ಬೇಕು, ನನ್ನ ಮನೆಯ ಮದುವೆಗೆ ಅಮೀರ್‌ಪೇಟಿನವನು! ಅಂದು ಸಂಜೆ ಜೋಳದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೆ. ನಾನು ತಟ್ಟೆ ಸರಿಸಿದ್ದನ್ನು ನೋಡಿ ಮಗಳು ತುಸು ಕರಗಿದಳು. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು, ಕರಗಿದರೂ ಕಸರತ್ತು ಮಾಡಿಸದೆ ಬಿಡುವುದಿಲ್ಲ. ಮದುವೆಗೆ ಮೊದಲು ಅಪ್ಪನ ಜೊತೆ ಆಫ್ರಿಕಾಕ್ಕೆ ಹೋಗಿ ಕಾಡುಪ್ರಾಣಿಗಳನ್ನು ನೋಡಬೇಕೆಂಬುದು ಅವಳ ಬಹುದಿನದ ಆಸೆ. ಟಿಕೆಟ್ಟೂ ಆಗಿತ್ತು. ಅದನ್ನೇ ಹಿಡಿದು ಪಣ ಹಾಕಿದಳು.

“ಅಲ್ಲಿಂದ ಒಂದ ಒಂದು ಫೋಟೋ ತಾ. ಪ್ರಾಣಿ ನಿನ್ನ ಕಡೆ ನೋಡಬಾರದು. ಹಂಗಂತ ಬೆನ್ನಿನ ಫೋಟೋ ನಡ್ಯೂದಿಲ್ಲ. ನೋಡಿದ್ರ ಎದಿ ಝಲ್ ಅನ್ನಬೇಕು. ತಂದ್ರ ಮದುವಿ ಫೋಟೋ ನಿಂದ, ಅಮೀರ್‌ಪೇಟಿನಾಂವಗ ಬ್ಯಾಡಂತ ನಾನ ಹೇಳ್ತೀನಿ.”

ನನ್ನ ಹೆಂಡತಿ ಸುಮಾ ನಮ್ಮೊಡನೆ ಬರಲಿಲ್ಲ. “ನಾನೂ ಸಿಂಹಾ ನೋಡ್ಕೋತ ಕುಂತ್ರ ಮದುವಿ ಪಾತ್ರಿ ಯಾರ್ರೀ ತರಾವ್ರು?” ಎಂದು, ನಮ್ಮ ಚೀಲ ತುಂಬಿಸಿ ಕಳಿಸಿ, ತಾನು ಬೇಗಂ ಬಜಾರಿನ ದಾರಿ ಹಿಡಿದಳು.

ನೈರೋಬಿ

ಕೆನ್ಯಾಕ್ಕೆ ಪ್ಲಾಸ್ಟಿಕ್ ಕೈಚೀಲ ತರುವಂತಿಲ್ಲ. ಇದು ನಮಗೆ ನೈರೋಬಿ ವಿಮಾನ ನಿಲ್ದಾಣದಲ್ಲಿ, ನಮ್ಮ ಸೂಟ್‌ಕೇಸಿನ ಬಾಯಿ ತೆರೆದ ಮೇಲೆ ಗೊತ್ತಾಯಿತು. ಸುಮಾ ಒಂದೊಂದು ತಿಂಡಿಯನ್ನೂ ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದನ್ನು ಇನ್ನೊಂದರಲ್ಲಿ ಇಟ್ಟು, ಬಾಯಿಗೆ ಗಂಟು ಬಿಗಿದಿದ್ದಳು. ಚೀಲಗಳ ಮೇಲೆ ಅಚ್ಚಾಗಿದ್ದ ಬೇಗಂ ಬಜಾರಿನ ಅಂಗಡಿಗಳ ಹೆಸರೆಲ್ಲ ತಪಾಸಣೆಯ ಮೇಜಿನ ಮೇಲೆ ಸಾಲಾಗಿ ಕೂತವು. ಅಧಿಕಾರಿಣಿ ಬಲು ತಾಳ್ಮೆಯವರು. ಸಿಟ್ಟಾಗದೆ ಪ್ರತಿ ಗಂಟನ್ನೂ ಉಗುರಿನಿಂದ ಬಿಡಿಸಿದರು. ಶೇಂಗಾ ಚಟ್ನಿಪುಡಿಯ ಗಂಟು ಬಿಚ್ಚಿದಾಗ ಮಾತ್ರ ಸೀನು ತಡೆಯಲಾಗಲಿಲ್ಲ.

ಚೀಲಗಳು ಅವರ ಪಾಲಾದವು. ಕಡಕ್ ರೊಟ್ಟಿ, ಚಟ್ನಿಪುಡಿಯ ಡಬ್ಬಿ, ಸುಮಾಳ ತಂಗಿ ಗೋಕಾಕದಿಂದ ಕಳಿಸಿದ್ದ ಕರದಂಟಿನ ಪೆಟ್ಟಿಗೆ, ಎಲ್ಲವನ್ನೂ ಪಲ್ಲವಿ ತನ್ನ ದುಪಟ್ಟಾದಲ್ಲಿ ಕಟ್ಟಿ ಗಂಟು ಮಾಡಿದಳು. ಕುತ್ತಿಗೆಗೆ ದೊಡ್ಡ ಲೆನ್ಸಿನ ಕ್ಯಾಮೆರಾ, ಬಗಲಲ್ಲಿ ರೊಟ್ಟಿಯ ಗಂಟು. ಹೀಗೆ ನಾನು ಆಫ್ರಿಕಾ ಖಂಡಕ್ಕೆ ಕಾಲಿಟ್ಟೆ.

ಹೊರಗೆ ನಮ್ಮ ಗಾಡಿ ನಡೆಸುವ ಡೇನಿಯಲ್ ಕಾಯುತ್ತಿದ್ದ. ನನ್ನಷ್ಟೇ ವಯಸ್ಸು, ನನಗಿಂತ ಎರಡು ಪಟ್ಟು ಅಗಲ. ನಾವೆಲ್ಲಿಗೆ ಹೋಗಬೇಕು ಎಂಬ ಮಾತು ಎತ್ತುವ ಮೊದಲು ಪ್ರಯಾಣ ಹೇಗಾಯಿತು, ನಿದ್ದೆ ಬಂತೇ, ಮನೆಯಲ್ಲಿ ಎಲ್ಲರೂ ಕ್ಷೇಮವೇ, ಬರದೆ ಉಳಿದ ಅಮ್ಮ ಹೇಗಿದ್ದಾರೆ ಎಂದು ಒಂದೊಂದಾಗಿ ವಿಚಾರಿಸಿದ. ನಮ್ಮೂರಲ್ಲಿ ಆಟೋದವನು ‘ಕಿಧರ್?’ ಅನ್ನುವಷ್ಟರಲ್ಲಿ ಸಂಭಾಷಣೆ ಮುಗಿದಿರುತ್ತದೆ. ಇಲ್ಲಿ ಪೆಟ್ರೋಲ್ ಬಂಕಿನಲ್ಲೂ ಡೇನಿಯಲ್ ಇಳಿದು, ಬಂಕಿನವನ ಮನೆಮಂದಿಯ ಕ್ಷೇಮವೆಲ್ಲ ಕೇಳಿ, ತನ್ನದನ್ನೂ ಹೇಳಿ, ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆಯುತ್ತಿದ್ದ.

ದಾರಿಬದಿಯ ಸಂತೆಯಲ್ಲಿ ಲೆನ್ಸಿಗೆ ಒರಗು ಮಾಡಲು ಅವರೆಯಂಥ ಕಾಳು ಕೊಂಡೆವು. ಬಟ್ಟೆಯ ಚೀಲಕ್ಕೆ ಕಾಳು ತುಂಬಿ ಗಾಡಿಯ ಕಿಟಕಿಯ ಮೇಲಿಟ್ಟರೆ ದೊಡ್ಡ ಲೆನ್ಸು ಅಲುಗದೆ ಕೂರುತ್ತದೆ. ಕಾಳು ಅಳೆಯುತ್ತಿದ್ದ ಹೆಂಗಸಿನ ಮುಖದ ಮೇಲೆ ಬೆಳಕು ಚೆನ್ನಾಗಿ ಬಿದ್ದಿತ್ತು. ನಾನು ಕ್ಯಾಮೆರಾ ಎತ್ತಿ, ರೂಢಿಯಂತೆ ‘ಟಕ್ ಟಕ್’ ಎಂದೆ. ಆಕೆ ನೋಡಿದಳು, ಆದರೆ ಸುಡುವಂತೆ ನೋಡಿದಳು. ಡೇನಿಯಲ್ ಮುಂದೆ ಬಂದು ಬಹಳ ಹೊತ್ತು ಅವಳ ಕ್ಷೇಮ ವಿಚಾರಿಸಬೇಕಾಯಿತು.

“ಇಲ್ಲಿ ಯಾರಿಗಾದರೂ ಹಾಗೆ ಬಾಯಲ್ಲಿ ಸಪ್ಪಳ ಮಾಡಿದರೆ ತಾತ್ಸಾರ ಅಂದುಕೊಳ್ಳುತ್ತಾರೆ” ಎಂದು ಆಮೇಲೆ ನನಗೆ ಹೇಳಿದ. “ಮೊದಲು ನಮಸ್ಕಾರ ಹೇಳಿ. ಫೋಟೋ ಎಲ್ಲಿಗೂ ಓಡಿಹೋಗುವುದಿಲ್ಲ.”

ಮಸಾಯಿ ಮಾರಾ

ಮಾರಾದ ಬಯಲಿನಲ್ಲಿ ಮರಗಳು ಜಗಳವಾಡಿಕೊಂಡವರಂತೆ ದೂರ ದೂರ ನಿಂತಿರುತ್ತವೆ. ನಡುವೆ ಹುಲ್ಲು, ಮತ್ತೆ ಹುಲ್ಲು. ಹೈದರಾಬಾದಿನಲ್ಲಿ ಎತ್ತ ನೋಡಿದರೂ ಯಾವುದಾದರೊಂದು ಗೋಡೆಗೆ ತಾಗುವ ಕಣ್ಣು ಇಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮೊದಲು ಕಂಗಾಲಾಗುತ್ತದೆ.

ಮೊದಲ ಬೆಳಿಗ್ಗೆ, ಬಿಸಿಲಿಗಿನ್ನೂ ಹಳದಿ ಬಣ್ಣ ಇರುವಾಗಲೇ, ಸಿಂಹಗಳು ಸಿಕ್ಕವು. ಸಿಂಹಿಣಿಯೊಂದು ಹುಲ್ಲಿನ ಮೇಲೆ ಅಡ್ಡಾಗಿತ್ತು. ಮರಿಗಳು ಅದರ ಬಾಲವನ್ನು ಹಾವೆಂದು ತಿಳಿದು ಹೊಂಚು ಹಾಕಿ ಹಾರುತ್ತಿದ್ದವು. ಡೇನಿಯಲ್ ದೂರದಲ್ಲೇ ಗಾಡಿ ನಿಲ್ಲಿಸಿ, ಕ್ಯಾಮೆರಾ ನಡುಗದಿರಲೆಂದು ಇಂಜಿನ್ನನ್ನೂ ಆರಿಸಿದ. ಬಿಸಿಲು ಬದಿಯಿಂದ ಬೀಳುತ್ತಿತ್ತು. ನನ್ನ ಲೆನ್ಸು ಕಾಳಿನ ಚೀಲದ ಮೇಲೆ ಗಟ್ಟಿಯಾಗಿ ಕೂತಿತ್ತು. ಇದಕ್ಕಿಂತ ಹೆಚ್ಚು ಏನು ಬೇಕು? ಒಂದು ಮರಿ ತಾಯಿಯ ಕಿವಿ ಕಚ್ಚಿತು, ತಾಯಿ ಕಣ್ಣು ಮುಚ್ಚಿ ಬಾಯಿ ತೆರೆಯಿತು.

“ಅಪ್ಪಾ, ಈಗ!” ಎಂದು ಪಲ್ಲವಿ ಪಿಸುಗುಟ್ಟಿದಳು.

ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ. ‘ಟಕ್ ಟಕ್’ ಎಂದಿತು.

ಸಿಂಹಿಣಿ ತಲೆಯೆತ್ತಿತು. ಮರಿಗಳೂ ತಲೆಯೆತ್ತಿದವು. ನಾನು ಬಟನ್ ಒತ್ತಿದೆ. ಫೋಟೋ ಮಾತ್ರ ನನ್ನ ಕಸುಬಿನ ಲೆಕ್ಕದಲ್ಲಿ ಪರಿಪೂರ್ಣ. ಒಬ್ಬರೂ ಕಣ್ಣು ಮುಚ್ಚಿರಲಿಲ್ಲ, ಗದ್ದ ಎಲ್ಲರದೂ ತಕ್ಕಷ್ಟು ಮೇಲಿತ್ತು, ಎರಡೂ ಕಿವಿ ಕಾಣುತ್ತಿದ್ದವು. ಹಿಂದಿನ ಹುಲ್ಲನ್ನು ಅಳಿಸಿ ಬಿಳಿ ಮಾಡಿದ್ದರೆ ಯಾವ ದೇಶದ ಪಾಸ್‌ಪೋರ್ಟಿಗಾದರೂ ನಡೆಯುತ್ತಿತ್ತು. ಮರುಕ್ಷಣ ಸಿಂಹಿಣಿ ಎದ್ದು ಮರಿಗಳನ್ನು ಕರೆದುಕೊಂಡು ಪೊದೆಯೊಳಗೆ ಹೋಗಿಬಿಟ್ಟಿತು. ಪಕ್ಕದ ಗಾಡಿಯಲ್ಲಿ ಆಗಷ್ಟೇ ಬಂದು ಕ್ಯಾಮೆರಾ ಎತ್ತಿದ್ದವರು ನನ್ನನ್ನು ನೋಡಿದ ರೀತಿಯನ್ನು ಬರೆಯದಿರುವುದೇ ಒಳ್ಳೆಯದು.

ಡೇನಿಯಲ್ ಕೂಗಾಡಲಿಲ್ಲ. ಗಾಡಿಯನ್ನು ಒಂದು ಮರದ ನೆರಳಿಗೆ ತಂದು ನಿಲ್ಲಿಸಿ, ಹಿಂದಕ್ಕೆ ತಿರುಗಿ ಕೂತ.

“ಇಲ್ಲಿ ಸಪ್ಪಳ ಮಾಡುವಂತಿಲ್ಲ ಅಂತ ಗಾಡಿ ಹತ್ತುವಾಗಲೇ ಹೇಳಿದ್ದೆ. ಪ್ರಾಣಿ ನಿಮ್ಮನ್ನು ನೋಡಿತು ಅಂದರೆ ತಾನು ಮಾಡುತ್ತಿದ್ದ ಕೆಲಸ ಬಿಟ್ಟಿತು ಅಂತ. ಕೆಲಸ ಬಿಟ್ಟ ಮೇಲೆ ಫೋಟೋದಲ್ಲಿ ಏನು ಉಳಿಯಿತು? ಸಿಂಹಕ್ಕೆ ಎಲ್ಲಿಗೂ ವೀಸಾ ಬೇಕಾಗಿಲ್ಲ.”

ಪಲ್ಲವಿ ನನ್ನ ಕ್ಯಾಮೆರಾ ತೆಗೆದುಕೊಂಡು ಆ ಫೋಟೋ ನೋಡಿದಳು. ನಕ್ಕಳು, ಎಷ್ಟು ನಕ್ಕಳೆಂದರೆ ಸೀಟಿನಲ್ಲಿ ಒರಗಿಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಆದರೂ ಅವಳು ಹಾಗೆ ನಗುವುದನ್ನು ನೋಡಿ ಬಹಳ ದಿನವಾಗಿತ್ತು.

ಮಾರಾ ನದಿಯ ದಂಡೆ

ಆಮೇಲಿನ ದಿನಗಳಲ್ಲಿ ಹಲ್ಲು ಕಚ್ಚಿ ಹಿಡಿದೆ. ಪ್ರಯೋಜನವಾಗಲಿಲ್ಲ. ಕಣ್ಣು ಲೆನ್ಸಿಗೆ ತಾಗಿದೊಡನೆ ನಾಲಿಗೆ ಅಂಗುಳಕ್ಕೆ ತಾನಾಗಿ ಅಂಟುತ್ತದೆ, ಎರಡಕ್ಕೂ ಒಳಗೊಳಗೇ ತಂತಿ ಎಳೆದ ಹಾಗೆ. ಜೋರಾಗಿ ಸಪ್ಪಳ ಮಾಡುವುದು ನಿಂತಿತು, ಮೆಲ್ಲಗಿನದು ನಿಲ್ಲಲಿಲ್ಲ. ಜೀಬ್ರಾಗಳು ನೋಡಿದವು. ಜಿರಾಫೆ ಎಲೆ ತಿನ್ನುವುದನ್ನು ಬಿಟ್ಟು, ಮೇಲ್ಮಹಡಿಯಿಂದ ಇಣುಕುವ ಮನೆಯೊಡತಿಯಂತೆ ನೋಡಿತು. ಒಂದು ಕಾಡುಹಂದಿ ಬಾಲವನ್ನು ನೆಟ್ಟಗೆ ಎತ್ತಿ ಓಡುತ್ತಿದ್ದುದು ಥಟ್ಟನೆ ನಿಂತು, ತಿರುಗಿ, ನನ್ನ ಕಡೆಗೆ ಪೂರ್ತಿ ಮುಖ ಕೊಟ್ಟಿತು. ಡೇನಿಯಲ್ ಸ್ಟೀರಿಂಗ್ ಮೇಲೆ ಹಣೆಯಿಟ್ಟುಕೊಂಡ.

ಒಂದು ಮಧ್ಯಾಹ್ನ ನದಿ ದಂಡೆಯಲ್ಲಿ ವೈಲ್ಡ್‌ಬೀಸ್ಟ್‌ಗಳು, ಎಂದರೆ ಗಡ್ಡ ಬಿಟ್ಟ ಎಮ್ಮೆಯಂಥ ಕಾಡುದನಗಳು, ಲೆಕ್ಕವಿಲ್ಲದಷ್ಟು ಬಂದು ನಿಂತವು. ಆಚೆ ಹುಲ್ಲಿದೆ, ನಡುವೆ ಮೊಸಳೆಗಳಿವೆ. ಮುಂದಿನದು ಇಳಿಯುವುದಿಲ್ಲ, ಹಿಂದಿನದು ಬಿಡುವುದಿಲ್ಲ. ಕೊನೆಗೆ ಒಂದು ಹಾರಿತು ನೋಡಿ, ಎಲ್ಲವೂ ಹಾರಿದವು. ಧೂಳು, ನೀರು, ಕೂಗಾಟ. ಇಲ್ಲಿ ನನ್ನ ನಾಲಿಗೆಯ ಸಪ್ಪಳ ಯಾರಿಗೂ ಕೇಳುವಂತಿರಲಿಲ್ಲ. ಬಟನ್ ಒತ್ತಿದ್ದೇ ಒತ್ತಿದ್ದು. ಈ ಸಲ ಗೆದ್ದೆ ಎಂದುಕೊಂಡು ಪಲ್ಲವಿಗೆ ತೋರಿಸಿದೆ.

“ಒಂದೂ ನನ್ನ ಕಡೆ ನೋಡಿಲ್ಲ ನೋಡು.”

ಅವಳು ಬಹಳ ಹೊತ್ತು ನೋಡಿದಳು. “ಅಪ್ಪಾ, ಇದು ಕಾಚಿಗೂಡದಾಗ ಜನರಲ್ ಬೋಗಿ ಬಾಗಿಲದ ಫೋಟೋ ಇದ್ದಂಗ ಐತಿ. ಇದ್ರಾಗ ನಾ ಯಾರನ್ನ ನೋಡ್ಲಿ?”

ಅವಳು ಹೇಳಿದ್ದು ಸರಿಯಾಗಿತ್ತು. ಕೊಂಬು, ಕಾಲು, ಧೂಳು ಎಲ್ಲ ಇತ್ತು. ಯಾರೂ ಇರಲಿಲ್ಲ.

ನೈವಾಷಾ

ನೈವಾಷಾ ಕೆರೆಯ ದಂಡೆಯ ವಸತಿಯಲ್ಲಿ ಸಂಜೆ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೆವು. ನೀರಾನೆಗಳು ಕಣ್ಣು ಮತ್ತು ಕಿವಿ ಮಾತ್ರ ಮೇಲಿಟ್ಟು ನೀರಲ್ಲಿದ್ದವು. ಕತ್ತಲಾದ ಮೇಲೆ ಅವು ಮೇಯಲು ಇದೇ ಹುಲ್ಲಿಗೆ ಬರುತ್ತವೆ, ಆಗ ಹೊರಗೆ ಕೂರಬೇಡಿ ಎಂದು ಡೇನಿಯಲ್ ಎಚ್ಚರಿಸಿ ಹೋಗಿದ್ದ. ಪಲ್ಲವಿ ಕಡಕ್ ರೊಟ್ಟಿ ಮುರಿದು ಚಟ್ನಿಪುಡಿಗೆ ಎಣ್ಣೆ ಹಾಕಿ ಕೊಟ್ಟಳು. ಆ ಎಣ್ಣೆಯನ್ನು ಅವಳು ಅಡುಗೆಮನೆಗೆ ಹೋಗಿ, ಅಡುಗೆಯವರ ಕ್ಷೇಮ ವಿಚಾರಿಸಿ, ಕೇಳಿ ತಂದಿದ್ದಳು. ಅಲ್ಲಿನ ಪದ್ಧತಿಯನ್ನು ಅವಳು ನನಗಿಂತ ಬೇಗ ಕಲಿತಳು.

“ಇನ್ನ ಒಂದ ಜಾಗಾ ಉಳದೈತಿ ಅಪ್ಪಾ. ಅಂಬೊಸೆಲಿ.”

“ಗೊತ್ತೈತಿ.”

“ಸಿಟ್ಟಾಗೀಯೇನು?”

ನಾನು ಸಿಟ್ಟಾಗಿರಲಿಲ್ಲ, ಹೆದರಿದ್ದೆ. ಹೆದರಿಕೆ ಏನೆಂದು ಅವಳಿಗೆ ಹೇಳಿಯೂಬಿಟ್ಟೆ. “ಪಲ್ಲೂ, ಮದುವಿ ಮನಿಯೊಳಗ ನಂಗ ಕ್ಯಾಮೆರಾ ಹಿಡಕೊಂಡು ನಿಂದರೂದೊಂದ ಗೊತ್ತು. ಅದನ್ನ ನೀ ಬ್ಯಾಡ ಅಂದ್ರ, ನಿನ್ನ ಮದುವ್ಯಾಗ ನಾ ಎಲ್ಲಿ ನಿಂದರ್ಲಿ? ಏನು ಮಾಡ್ಲಿ? ಊಟದ ಹಾಲ್‌ನಾಗ ಕುಂದರ್ಲೇನು?”

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಕೆರೆಯಲ್ಲಿ ಒಂದು ನೀರಾನೆ ನಮ್ಮ ಎಮ್ಮೆಗಳಿಗಿಂತ ಗಟ್ಟಿಯಾಗಿ ಉಸಿರು ಬಿಟ್ಟಿತು.

“ನಂಗ ನಿನ್ನ ಮಾರಿ ನೆನಸ್ಕೊಂಡ್ರ, ಒಂದು ಕಣ್ಣು ಮುಚ್ಚಿದ್ದ ನೆನಪಾಗ್ತೈತಿ. ಇನ್ನೊಂದು ಕಣ್ಣಿನ ಮುಂದ ಕ್ಯಾಮೆರಾ” ಎಂದಳು. “ಹುಟ್ಟುಹಬ್ಬಕ್ಕ, ಸಾಲಿ ಗ್ಯಾದರಿಂಗಿಗೆ, ಎಲ್ಲಾ ಕಡೆನೂ. ನಾ ನಕ್ಕಿದ್ದೆಲ್ಲಾ ಆ ಲೆನ್ಸಿಗೆ.”

ಅವಳು ದೂರುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳು ಲೆನ್ಸಿಗೆ ನಕ್ಕಾಗ ನನಗೇ ನಗುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಅದನ್ನು ಬಾಯಿಬಿಟ್ಟು ಹೇಳದೆ, ಉಳಿದ ರೊಟ್ಟಿಯನ್ನು ಗಂಟು ಕಟ್ಟಿದೆ. ಕತ್ತಲಾಗುತ್ತಿದ್ದುದರಿಂದ ಕುರ್ಚಿ ಎತ್ತಿಕೊಂಡು ಒಳಗೆ ಹೋದೆವು.

ಅಂಬೊಸೆಲಿ

ಅಂಬೊಸೆಲಿಯಲ್ಲಿ ಕಿಲಿಮಂಜಾರೋ ಪರ್ವತ ಕಾಣುತ್ತದೆ ಎನ್ನುತ್ತಾರೆ. ನಾವು ಹೋದಾಗ ಅದು ಮೋಡದೊಳಗಿತ್ತು, ನಮಗಾಗಿ ಹೊರಗೆ ಬರುವ ಮನಸ್ಸು ಮಾಡಲಿಲ್ಲ. ನೆಲವೆಲ್ಲ ಬೂದಿಯಂಥ ಧೂಳು, ನಡುವೆ ಮಾತ್ರ ಪರ್ವತದ ನೀರು ನೆಲದೊಳಗಿಂದ ಉಕ್ಕಿ ಹಸಿರು ಜೌಗು. ಆನೆಗಳು ಧೂಳು ದಾಟಿ ಸಾಲುಸಾಲಾಗಿ ಆ ಜೌಗಿಗೆ ಬರುತ್ತವೆ.

ಕೊನೆಯ ಬೆಳಿಗ್ಗೆ ಗಾಡಿ ಹತ್ತುವಾಗ ಪಲ್ಲವಿ ಗಂಟು ಬಿಚ್ಚಿ ಗೋಕಾಕದ ಕರದಂಟಿನ ಒಂದು ದೊಡ್ಡ ತುಂಡು ತೆಗೆದಳು. ಕರದಂಟು ಗೊತ್ತಲ್ಲ, ಅಂಟು, ಬೆಲ್ಲ, ಉತ್ತತ್ತಿ, ಗೋಡಂಬಿ ಎಲ್ಲ ಸೇರಿದ್ದು. ಬಾಯಿಗೆ ಹಾಕಿಕೊಂಡರೆ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಬಿಟ್ಟುಕೊಡುವುದಿಲ್ಲ.

“ಬಾಯಿ ತಗಿ.”

“ಯಾಕ?”

“ನಿನ್ನ ನಾಲಿಗಿಗೆ ಪ್ಲಾಸ್ಟರ್ ಹಾಕಾಕತ್ತೀನಿ. ಅಗೀಲಾರದ ಹಂಗ ಇಟಗೊಂಡು ಕುಂಡ್ರು.”

ಡೇನಿಯಲ್ಲನಿಗೂ ಒಂದು ತುಂಡು ಸಿಕ್ಕಿತು. ಅವನು ಏನೋ ಹೇಳಲು ಹೊರಟವನು ಹೇಳಲಾರದೆ ಕೈಯೆತ್ತಿ ಚೆನ್ನಾಗಿದೆ ಎಂದು ಸನ್ನೆ ಮಾಡಿದ. ಗಾಡಿಯೊಳಗೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಜೌಗಿನ ಅಂಚಿಗೆ ಬಂದಾಗ ಆನೆಗಳ ಒಂದು ಗುಂಪು ಆಚೆಯಿಂದ ಈಚೆಗೆ ದಾಟುತ್ತಿತ್ತು. ದೊಡ್ಡವೆಲ್ಲ ದಂಡೆ ಹತ್ತಿದ್ದವು. ಹಿಂದೆ ಉಳಿದದ್ದು ಒಂದು ಮರಿ, ಅದರ ಜೊತೆ ತಾಯಿ. ದಂಡೆ ಎಂದರೆ ಎತ್ತರವೇನಲ್ಲ, ಮನೆಯ ಕಟ್ಟೆಯಷ್ಟು. ಆದರೆ ಅಷ್ಟೂ ಆನೆಗಳು ತುಳಿದು ಅದು ಬೆಣ್ಣೆಯಂತಾಗಿತ್ತು. ಮರಿ ಮುಂಗಾಲು ಇಟ್ಟಿತು, ಜಾರಿತು. ಮತ್ತೆ ಇಟ್ಟಿತು, ಮತ್ತೆ ಜಾರಿ ಹೊಟ್ಟೆಯವರೆಗೆ ಕೆಸರಿಗೆ ಹೋಯಿತು. ಈ ಸಲ ಏಳಲಿಲ್ಲ. ಡೇನಿಯಲ್ ಇಂಜಿನ್ ಆರಿಸಿದ.

ಮರಿ ಕೂಗಿತು. ಇಷ್ಟು ಸಣ್ಣ ದನಿ ಆನೆಯದೆಂದು ನಾನು ಎಣಿಸಿರಲಿಲ್ಲ. ಮೇಲೆ ಹೋಗಿದ್ದ ಇನ್ನೊಂದು ಆನೆ ಓಡಿ ಬಂದು ದಂಡೆಯಿಂದ ಸೊಂಡಿಲು ಇಳಿಬಿಟ್ಟಿತು. ತಾಯಿ ಕೆಸರಿನಲ್ಲಿ ಮುಂಗಾಲು ಮಡಚಿ ಮೊಣಕಾಲೂರಿ, ಸೊಂಡಿಲನ್ನು ಮರಿಯ ಹೊಟ್ಟೆಯ ಕೆಳಗೆ ತೂರಿಸಿ, ಹಣೆಯಿಂದ ನೂಕತೊಡಗಿತು. ಪಲ್ಲವಿ ಹಿಂದಿನಿಂದ ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ನನ್ನ ಬಾಯಿ ಕರದಂಟಿನಿಂದ ಭದ್ರವಾಗಿ ಮುಚ್ಚಿತ್ತು. ಬಟನ್ ಒತ್ತ ಒತ್ತ ನನಗೆ ಬೆಳಕಿನ ನೆನಪಾಗಲಿಲ್ಲ, ಯಾರ ತಲೆ ಅಡ್ಡ ಬಂತೆಂಬುದೂ ಕಾಣಲಿಲ್ಲ. ಹತ್ತು, ಹತ್ತು ಮಗಾ ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ.

ಮರಿ ಹತ್ತಿತು. ಹತ್ತಿದ ರಭಸಕ್ಕೆ ಮೂಗುಮುಂದಾಗಿ ಬಿದ್ದು, ಎದ್ದು, ಏನೂ ಆಗದವರಂತೆ ಕಿವಿ ಬೀಸಿತು. ತಾಯಿ ತಾನೂ ಹತ್ತಿ ಬಂದು ಅದರ ಬೆನ್ನನ್ನು ಸೊಂಡಿಲಿನಿಂದ ತಡವಿತು. ಆಮೇಲೆ ಎಲ್ಲವೂ ಧೂಳಿನೊಳಗೆ ನಡೆದುಹೋದವು. ಅಷ್ಟು ದೊಡ್ಡ ಜೀವಗಳು ಒಂದು ಸಲವೂ ನಮ್ಮ ಕಡೆ ತಿರುಗಲಿಲ್ಲ. ಅದರಿಂದ ನನಗೆ ಯಾಕೋ ಬಹಳ ಸಂತೋಷವಾಯಿತು.

ಪಲ್ಲವಿ ಕ್ಯಾಮೆರಾ ಈಸಿಕೊಂಡು ಒಂದೊಂದೇ ನೋಡುತ್ತ ಹೋದಳು. ಒಂದರ ಮೇಲೆ ಬೆರಳು ನಿಂತಿತು. ಮರಿ ಅರ್ಧ ಮೇಲೆ, ಅರ್ಧ ಕೆಸರಿನಲ್ಲಿ. ಮೇಲಿನಿಂದ ಒಂದು ಸೊಂಡಿಲು ಅದರ ಕತ್ತನ್ನು ಬಳಸಿತ್ತು. ಕೆಳಗಿನಿಂದ ತಾಯಿಯ ಹಣೆ ಅದರ ಹಿಂಭಾಗಕ್ಕೆ ಒತ್ತಿತ್ತು. ತಾಯಿಯ ಕಣ್ಣೊಂದು ಪೂರ್ತಿ ತೆರೆದು ಮರಿಯ ಮೇಲಿತ್ತು. ಅವಳು ನನ್ನ ಬೆನ್ನಿಗೆ ತಲೆಯಾನಿಸಿದಳು.

“ಗೆದ್ದಿ ನೀ” ಎಂದಳು ಕೊನೆಗೆ.

ನಾನು ಉತ್ತರ ಕೊಡಬೇಕೆಂದರೆ ಬಾಯಿ ಬರಲಿಲ್ಲ. ಕರದಂಟು ಇನ್ನೂ ಅರ್ಧ ಉಳಿದಿತ್ತು.

ಗೇಟಿನ ಹತ್ತಿರ

ಕಾಡಿನ ಗೇಟಿನ ಹತ್ತಿರ ಫೋನಿಗೆ ಸಿಗ್ನಲ್ ಬಂತು. ಬಾಯಿ ತೊಳೆದುಕೊಂಡು ಮೊದಲು ಮಾಡಿದ ಕೆಲಸವೆಂದರೆ ಸುಮಾಳಿಗೆ ವಿಡಿಯೋ ಕಾಲ್. ಅವಳು ಬೇಗಂ ಬಜಾರಿನ ಪಾತ್ರೆ ಅಂಗಡಿಯಲ್ಲಿ ಕೂತಿದ್ದಳು. ಹಿಂದೆ ಯಾರೋ ತಟ್ಟೆಗಳನ್ನು ಠಣಠಣ ಎಣಿಸುತ್ತಿದ್ದರು.

“ಗೆದ್ದೆ ಸುಮಾ! ಮಗಳ ಮದುವಿ ಫೋಟೋ ನಂದ. ಮೊದಲಿಂದ ಕಡೀತನಕ ನಾನ ಹೊಡ್ಯಾಂವ.”

“ಭಾಳ ಚಲೋ ಆತ್ರಿ. ಇಲ್ಲಿ ನೋಡ್ರಿ, ಇದು ಹೆಂಗೈತಿ?” ಎಂದು ಅವಳು ಒಂದು ತಾಮ್ರದ ಗಿಂಡಿಯನ್ನು ಫೋನಿಗೆ ಹಿಡಿದಳು. ಉದ್ದ ಕೊಕ್ಕಿನ, ಹೊಳೆಯುವ ಗಿಂಡಿ. “ಧಾರಿ ಎರ್ಯಾಕ ತಗೊಂಡೆ.”

“ಚಲೋ ಐತಿ. ಧಾರಿ ಫೋಟೋ ಅಂತೂ ನಾ ಮ್ಯಾಲಿಂದ ತಗೀತೀನಿ, ನೀರು ಬೀಳೂದು ಖಡಕ್ ಕಾಣಬೇಕು...”

“ಮ್ಯಾಲಿಂದ?” ಸುಮಾ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡಳು. “ಅಲ್ರೀ, ಧಾರಿ ಹೊತ್ತಿನಾಗ ನಾ ನೀರು ಬಿಡಾಕಿ. ಮಗಳ ಕೈ ಹಿಡಕೊಂಡು ಅಳಿಯನ ಕೈಯಾಗ ಇಡಾವ್ರು ಯಾರು? ಆಕೀಗೆ ಅಪ್ಪ ಎಷ್ಟು ಮಂದಿ ಇದ್ದಾರ್ರೀ?”

ನಾನು ಪಲ್ಲವಿಯ ಮುಖ ನೋಡಿದೆ. ಪಲ್ಲವಿ ನನ್ನ ಮುಖ ನೋಡಿದಳು. ಎಷ್ಟು ತಂದೆಯರಿಗೆ ಕೈ ಮೇಲೆತ್ತಿ ಎಂದು ಹೇಳಿದವನು ನಾನು! ಆ ಕೆಲಸ ಒಂದು ದಿನ ನನಗೂ ಬರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

“ನಿಂಗ ಗೊತ್ತಿತ್ತೇನು?” ಎಂದು ಮಗಳನ್ನು ಕೇಳಿದೆ.

“ಇಲ್ಲಪ್ಪಾ” ಎಂದಳು. ಅವಳ ಕಣ್ಣು ತುಂಬಿತ್ತು, ನಗುತ್ತಲೂ ಇದ್ದಳು. “ಖರೇನ ನಂಗೂ ಹೊಳೀಲಿಲ್ಲ. ಮದುವಿ ಅಂದ್ರ ನೀ ಕ್ಯಾಮೆರಾ ಹಿಂದ ಇರ್ತೀ ಅಂತ... ಮಂಟಪದಾಗ ನಿಂದೂ ಕೆಲಸಾ ಐತಿ ಅನ್ನೂದ ಮರತಬಿಟ್ಟಿದ್ದೆ.”

ಏನಾಯಿತೆಂದು ಡೇನಿಯಲ್ ಕೇಳಿದ. ಪಲ್ಲವಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಸ್ಟೀರಿಂಗನ್ನು ಎರಡೂ ಕೈಯಿಂದ ಬಡಿದು ನಕ್ಕ. ನಕ್ಕು ಮುಗಿಸಿ, ನನ್ನ ಕ್ಷೇಮ ವಿಚಾರಿಸಿದ. ನಾನು ಚೆನ್ನಾಗಿದ್ದೇನೆ ಎಂದು ಹೇಳಿ ಕಿಟಕಿಯ ಕಡೆ ತಿರುಗಿ, ಧೂಳಿನ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಮತ್ತೆ ಕಾಚಿಗೂಡ

ಆನೆಯ ಫೋಟೋ ಈಗ ನಮ್ಮ ಸ್ಟುಡಿಯೋದ ಗೋಡೆಯ ಮೇಲಿದೆ. ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರು ಅದನ್ನೇ ನೋಡುತ್ತಾರೆ. ಅವರನ್ನು ನನ್ನ ಕಡೆಗೆ ತಿರುಗಿಸಲು ಮೊದಲಿಗಿಂತ ಹೆಚ್ಚು ಟಕ್ ಟಕ್ ಅನ್ನಬೇಕಾಗಿದೆ. ಸಿಂಹದ ಫೋಟೋವನ್ನು ಪಲ್ಲವಿ ಪಾಸ್‌ಪೋರ್ಟ್ ಸೈಜಿನಲ್ಲಿ ಒಂದು ಹಾಳೆ ತುಂಬ ಮುದ್ರಿಸಿ, ಬೀಗರಿಗೆಲ್ಲ ಹಂಚಿದಳು.

ಮದುವೆಗೆ ಅಮೀರ್‌ಪೇಟಿನವನೇ ಬಂದ. ಒಳ್ಳೆಯ ಕೆಲಸಗಾರ, ಕಂಬದ ಹಿಂದೆ ಹೂವಿನ ಹಿಂದೆ ಬೆಕ್ಕಿನಂತೆ ಓಡಾಡುತ್ತಿದ್ದ. ಬಂದವನೇ ನನ್ನ ಕಿವಿಯಲ್ಲಿ “ನೇನು ಲೇನಟ್ಟೇ ಉಂಡಂಡಿ ಅಂಕಲ್” ಎಂದ. ತಾನು ಅಲ್ಲಿ ಇಲ್ಲವೆಂದೇ ತಿಳಿದುಕೊಳ್ಳಿ ಎಂದು. ಸಿಂಹಿಣಿಗೆ ನಾನು ಹೇಳಬೇಕಾಗಿದ್ದ ಮಾತು ಅದು. ಆಗಲಿ ಎಂದೆ.

ಧಾರೆಯ ಹೊತ್ತಿಗೆ ನನಗೆ ಮಂಟಪದೊಳಗಿನ ಜಾಗ ಸಿಕ್ಕಿತು. ಪಲ್ಲವಿಯ ಕೈಯನ್ನು ಕೈಯಲ್ಲಿ ತೆಗೆದುಕೊಂಡೆ. ಅದು ಬೆವೆತಿತ್ತು, ಅಥವಾ ನನ್ನದು ಬೆವೆತಿತ್ತು. ಸುಮಾ ಬೇಗಂ ಬಜಾರಿನ ಗಿಂಡಿ ಎತ್ತಿ ನೀರು ಬಿಟ್ಟಳು.

ವಾರ ಕಳೆದ ಮೇಲೆ ಫೋಟೋಗಳು ಬಂದವು. ಧಾರೆಯ ಫೋಟೋದಲ್ಲಿ ಸುಮಾ ನೀರಿನ ಎಳೆಯನ್ನು ನೋಡುತ್ತಿದ್ದಾಳೆ. ಅಳಿಯ ಪಲ್ಲವಿಯನ್ನು ನೋಡುತ್ತಿದ್ದಾನೆ. ಪಲ್ಲವಿ ಕೈಗಳನ್ನು ನೋಡುತ್ತಿದ್ದಾಳೆ. ಯಾರಿಗೂ ಕ್ಯಾಮೆರಾದ ನೆನಪೇ ಇಲ್ಲ. ನಡುವೆ ನಾನೊಬ್ಬ, ಗದ್ದ ತುಸು ಮೇಲೆ, ಭುಜ ನೆಟ್ಟಗೆ, ನೇರ ಲೆನ್ಸನ್ನು ನೋಡುತ್ತ ನಿಂತಿದ್ದೇನೆ. ಎರಡೂ ಕಿವಿ ಕಾಣುತ್ತವೆ.

“ಅಪ್ಪಾ!” ಪಲ್ಲವಿ ಗಂಡನ ಮನೆಯಿಂದ ಫೋನು ಮಾಡಿ ನಕ್ಕಿದ್ದೇ ನಕ್ಕಿದ್ದು. “ನಿಂಗ್ಯಾರು ಟಕ್ ಟಕ್ ಅಂದ್ರು?”

ಯಾರೂ ಅಂದಿರಲಿಲ್ಲ. ನನ್ನ ಕೈಯಲ್ಲಿ ಅವಳ ಕೈ ಇತ್ತು, ಮೇಲೆ ನೀರು ಬೀಳುತ್ತಿತ್ತು. ಕೆಳಗೆ ನೋಡಿದ್ದರೆ ಆ ಕೈಯನ್ನು ಬಿಡುವುದು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಕ್ಯಾಮೆರಾ ನೋಡಿದೆ.